ಮುಖಗಳ ಹಿಂದೆ ಬಿದ್ದ ಸುಮಿತ್ರಾ ಕಾಕು

ಸುಮಿತ್ರಾ ಕಾಕು ಮಾತಿನ ನಡುವೆಯೇ ಎದುರಿಗಿದ್ದವರ ಗದ್ದ ಹಿಡಿದು ಕಿಟಕಿಯ ಕಡೆ ಹೊರಳಿಸಿಬಿಡುತ್ತಿದ್ದರು. "ಹಿಂಗ ಕೂಡು. ಈಗ ಬೆಳಕು ಚಲೋ ಬಿತ್ತು" ಎಂದು, ಏನೂ ಆಗಿಲ್ಲವೆಂಬಂತೆ ಬಿಟ್ಟ ಮಾತು ಮುಂದುವರಿಸುತ್ತಿದ್ದರು. ಹೊಸಬರು ಕಕ್ಕಾಬಿಕ್ಕಿಯಾಗುತ್ತಿದ್ದರು. ನನಗೆ ರೂಢಿಯಾಗಿತ್ತು.

ಪುಣೆಯ ಖರಾಡಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರದು ಎದುರು ಮನೆ. ಕಾಕು ಅಂದರೆ ಚಿಕ್ಕಮ್ಮ, ಅಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಮೂಲ ಧಾರವಾಡ. ಅಲ್ಲಿ ಸೋದರಮಾವನ ಫೋಟೋ ಸ್ಟುಡಿಯೋ ಇತ್ತಂತೆ. ಶಾಲೆ ಬಿಟ್ಟೊಡನೆ ಓಡಿ ಹೋಗಿ, ಕತ್ತಲೆ ಕೋಣೆಯಲ್ಲಿ ಬಿಳಿ ಕಾಗದದ ಮೇಲೆ ಮುಖ ಮೂಡುವುದನ್ನು ನೋಡುತ್ತಾ ನಿಲ್ಲುತ್ತಿದ್ದರಂತೆ. ಕಾಲೇಜಿಗೆ ಹೋಗುವ ಹೊತ್ತಿಗೆ ತಾವೇ ತೆಗೆಯತೊಡಗಿದ್ದರು. ಮದುವೆಯಾಗಿ ಪುಣೆಗೆ ಬಂದ ಮೇಲೆ ಸಂಸಾರ, ವಿಮಾ ಕಚೇರಿಯ ನೌಕರಿ, ಅತ್ತೆಯ ಕಾಯಿಲೆ. ಕ್ಯಾಮೆರಾ ಮರೆತೇ ಹೋಯಿತು. "ಯಾರೂ ಬ್ಯಾಡ ಅನ್ನಲಿಲ್ಲವ್ವಾ. ಯಾರೂ ಕೇಳಲೂ ಇಲ್ಲ" ಎನ್ನುತ್ತಿದ್ದರು.

ಗಂಡ ತೀರಿಕೊಂಡು, ನೌಕರಿಯೂ ಮುಗಿದ ಮೇಲೆ ಒಂದು ಹಳೆಯ ಕ್ಯಾಮೆರಾ ಕೊಂಡು ತಂದರು. ರೀಲು ಹಾಕುವಂಥದ್ದು, ಲೆನ್ಸನ್ನು ಕೈಯಿಂದಲೇ ತಿರುಗಿಸುವಂಥದ್ದು. ಫೋನಿನಲ್ಲೇ ತೆಗೆಯಬಹುದಲ್ಲ ಎಂದು ಮಗಳು ಹೇಳಿ ನೋಡಿದಳು. "ಮಸುಕಿದ್ದ ಮಾರಿ ತಿಳಿ ಆಗೂದು ನನ್ನ ಬೆರಳಿಗೆ ಗೊತ್ತಾಗಬೇಕು" ಎಂದುಬಿಟ್ಟರು.

ನಮ್ಮ ಹಿಂದೆ ಒಂದು ಹೊಸ ಕಟ್ಟಡ ಏಳುತ್ತಿತ್ತು. ಅಲ್ಲಿ ಇಟ್ಟಿಗೆ ಹೊರುವ ಹೆಂಗಸರೆಲ್ಲ ಯಾದಗಿರಿ ಕಡೆಯವರು. ಕನ್ನಡದ ದನಿ ಕೇಳಿದ್ದೇ ಕಾಕುವನ್ನು ಸುತ್ತುಗಟ್ಟಿದರು. ಪ್ರತಿ ಸಂಜೆ ಕಾಕು ಅಲ್ಲೇ. ತೆಗೆದದ್ದನ್ನು ಅಚ್ಚು ಹಾಕಿಸಿ ಅವರಿಗೇ ಹಂಚುತ್ತಿದ್ದರು. ಒಮ್ಮೆ, ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದ ಮುದುಕಿಯ ಫೋಟೋ ಹಿಡಿದು ನಮ್ಮ ಬಾಗಿಲಲ್ಲಿ ನಿಂತು, "ವೀಣಾ, ಇಷ್ಟ ದಿನ ನಾ ಎಲ್ಲಿದ್ದೆ?" ಎಂದರು. ಅವರನ್ನು ಅಷ್ಟು ಸುಖವಾಗಿ ನಾನು ಎಂದೂ ಕಂಡಿರಲಿಲ್ಲ.

ಆ ಹೆಂಗಸರಲ್ಲಿ ಮಲ್ಲಮ್ಮ ಎಂಬಾಕೆಗೆ ಹೆರಿಗೆಯಾಗಿತ್ತು. ಊರಲ್ಲಿದ್ದ ತಾಯಿಗೆ ಕಳಿಸಲು ಕೂಸಿನ ಫೋಟೋ ಬೇಕಿತ್ತು. ಕಾಕು ಬಹಳ ಹೊತ್ತು ಲೆನ್ಸ್ ತಿರುಗಿಸಿ ತಿರುಗಿಸಿ ತೆಗೆದರು. ಅಚ್ಚಾಗಿ ಬಂದದ್ದರಲ್ಲಿ ಹಿಂದಿನ ಸಿಮೆಂಟ್ ಕಂಬ ಸ್ಪಷ್ಟವಾಗಿತ್ತು, ತಾಯಿ ಮಗು ಮಾತ್ರ ಹೊಗೆಯ ಹಾಗಿದ್ದರು. ಮಲ್ಲಮ್ಮ ಅದನ್ನು ಅತ್ತಿತ್ತ ಹೊರಳಿಸಿ ನೋಡಿ ಮೆಲ್ಲಗೆ ಕೇಳಿದಳು: "ಕೂಸಿನ ಮಾರಿ ಎಲ್ಲೈತ್ರಿ ಅವ್ವಾರ?"

ಲೆನ್ಸ್ ಕೆಟ್ಟಿದೆ ಎಂದು ಕಾಕು ಹಟ ಹಿಡಿದರು. ಇಬ್ಬರೂ ಕ್ಯಾಂಪ್ ಪೇಟೆಯ ಕ್ಯಾಮೆರಾ ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯವ ಪರೀಕ್ಷಿಸಿ, ಏನೂ ದೋಷವಿಲ್ಲ ಎಂದು ಮರಾಠಿಯಲ್ಲಿ ಹೇಳಿ ಕ್ಯಾಮೆರಾವನ್ನು ನನ್ನ ಕೈಗಿತ್ತ. ಅದರಲ್ಲಿ ಕಣ್ಣಿಟ್ಟು ನೋಡಿದೆ, ರಸ್ತೆಯಾಚೆಯ ಬೋರ್ಡಿನ ಅಕ್ಷರಗಳೆಲ್ಲ ನಿಚ್ಚಳವಾಗಿ ಕಂಡವು. ಕಾಕುಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು.

"ಬೋರ್ಡಿನ ಅಂಚು ಕಾಣ್ತದ. ನಡುವ ಏನೂ ಇಲ್ಲ" ಎಂದರು.

ಅಲ್ಲಿಂದ ರಿಕ್ಷಾ ಹಿಡಿದು ನೇರ ಕಣ್ಣಿನ ಆಸ್ಪತ್ರೆಗೆ ಹೋದೆವು.

ಎರಡೂ ಕಣ್ಣುಗಳ ನಡುದೃಷ್ಟಿ ಹೋಗುತ್ತಿದೆ, ಹೋದದ್ದು ಮರಳುವುದಿಲ್ಲ, ಬದಿಯದು ಉಳಿಯುತ್ತದೆ ಎಂದರು ಕಣ್ಣಿನ ಡಾಕ್ಟರು. ಮನುಷ್ಯರ ಮುಖ ಎಲ್ಲಿಯವರೆಗೆ ಕಾಣುತ್ತದೆ ಎಂದಷ್ಟೇ ಕಾಕು ಕೇಳಿದರು. ಡಾಕ್ಟರು ಭೂತಗನ್ನಡಿಯ ವಿಷಯ ತೆಗೆದರು.

ಮರುದಿನ ಕ್ಯಾಮೆರಾ ಹಿಡಿದು ಮತ್ತೆ ಆ ಕಟ್ಟಡದ ಹತ್ತಿರ ಹೋದರು. ಕೂಸಿನ ಫೋಟೋ ನಾನು ತೆಗೆದುಕೊಡುತ್ತೇನೆಂದು ಜೊತೆಗೆ ಹೊರಟೆ. ತಗಡಿನ ಶೆಡ್ಡುಗಳು ಖಾಲಿಯಾಗಿದ್ದವು. ಕೆಲಸ ಮುಗಿದು ಗುಂಪು ಬೇರೆಲ್ಲಿಗೋ ಹೋಗಿತ್ತು. ಎಲ್ಲಿಗೆಂದು ಕಾವಲುಗಾರನಿಗೂ ಗೊತ್ತಿರಲಿಲ್ಲ. ಅಂದಿನಿಂದ ಕಾಕು ಕ್ಯಾಮೆರಾ ಎತ್ತಲಿಲ್ಲ.

ಕೊನೆಗೆ ಬಾರಾಮತಿಯಿಂದ ಮಗಳು ಕರೆದೊಯ್ಯಲು ಬಂದಳು. ಹೊರಡುವ ದಿನ ನಾನು ಅವರ ಫೋಟೋಗಳನ್ನೆಲ್ಲ ಹರವಿಕೊಂಡು ಒಂದೊಂದನ್ನೇ ಬಣ್ಣಿಸುತ್ತಾ ಕುಳಿತಿದ್ದೆ. ಸ್ವಲ್ಪ ಹೊತ್ತು ಕೇಳಿದವರು ಕೈ ಅಡ್ಡ ಮಾಡಿದರು.

"ಬಿಡು ವೀಣಾ. ನೀ ಕೊಡೂದು ಮಾತು. ನಂಗ ಬೇಕಾದದ್ದು ಮಾರಿ."

ಬಾಗಿಲಲ್ಲಿ ನನ್ನನ್ನು ನೋಡಲೆಂದೇ ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಹಾಗೆ ಮಾಡಿದರೆ ಕಣ್ಣಂಚಿನಲ್ಲಿ ನನ್ನ ಭುಜವಷ್ಟೇ ಕಾಣುತ್ತದೆ ಎಂದರು. ಇನ್ನೊಮ್ಮೆ ಪ್ರಯತ್ನಿಸಿದರು. ಆಮೇಲೆ ಅದನ್ನೂ ಬಿಟ್ಟು, ಮಗಳ ಕೈ ಹಿಡಿದು ಲಿಫ್ಟಿನೊಳಗೆ ಹೋದರು.