ಹಿಡಿಯಕ್ಕಿಯ ಗಂಜಿ

ಆ ದಿನಗಳಿಂದ ನನ್ನ ಕಿವಿಯಲ್ಲಿ ಉಳಿದಿರುವುದು ಸ್ಟೀಲ್ ಚಮಚ ಹಲ್ಲಿಗೆ ತಾಗುವ ಸಣ್ಣ ಶಬ್ದ. ನಮ್ಮ ಯಜಮಾನರು ಬಾಯಿ ತೆರೆಯುತ್ತಿರಲಿಲ್ಲ. ನಾನು ಚಮಚ ಹಿಡಿಯುವುದು, ಅದು ಮುಚ್ಚಿದ ಹಲ್ಲಿಗೆ ಟಿಕ್ ಎನ್ನುವುದು, ಬೇಳೆಯ ನೀರು ಗದ್ದದ ಮೇಲೆ ಇಳಿಯುವುದು. ಇಡೀ ದಿನ ಇಷ್ಟೇ.

ಪ್ರಿಯ ಸಹೋದರ ಸಹೋದರಿಯರೇ, ಕಳೆದ ಮಳೆಗಾಲದಲ್ಲಿ ಇವರಿಗೆ ಸ್ಟ್ರೋಕ್ ಆಯಿತು. ಮನೆಯಿರುವುದು ಡೊಂಬಿವಲಿಯಲ್ಲಿ, ಬೆಡ್ ಸಿಕ್ಕಿದ್ದು ಬೇಲಾಪುರದಲ್ಲಿ. ಠಾಣೆಗೆ ಒಂದು ಟ್ರೈನ್, ಅಲ್ಲಿಂದ ಇನ್ನೊಂದು. ನಮಗೆ ಮಕ್ಕಳಿಲ್ಲ. ಹೋಗಿ ಏನಾದರೂ ಬೇಯಿಸಿ ತರೋಣವೆಂದರೆ ಇವರ ಪಕ್ಕ ಕೂರುವವರಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲೇ ಉಳಿದೆ. ನನಗೂ ಎಪ್ಪತ್ತು ದಾಟಿದೆ, ಸೊಂಟ ಕೇಳಬೇಕಲ್ಲ.

ನೀರಾದದ್ದು ಏನು ಕೊಟ್ಟರೂ ಕೆಮ್ಮು. ಒಮ್ಮೆ ಉಸಿರೇ ಸಿಕ್ಕಿಕೊಂಡಿತು. ಆಮೇಲೆ ಹೆದರಿ ಬಾಯಿ ಬಿಗಿಹಿಡಿದರು. ಡಾಕ್ಟರ್ ಮರಾಠಿ ಹುಡುಗಿ, ಒಳ್ಳೆಯವಳು. ಥಿಕ್ ಆಗಿರುವುದನ್ನು ಕೊಡಿ ಎಂದಳು. ಖಿಚಡಿ, ಕಸ್ಟರ್ಡ್, ಹಿಸುಕಿದ ಬಾಳೆಹಣ್ಣು ಎಲ್ಲ ಆಯಿತು. ಮುಖ ತಿರುಗಿಸಿದರು. ಶನಿವಾರ ಅವಳೇ ಬಂದು, "ಸೋಮವಾರದವರೆಗೆ ನೋಡೋಣ ಆಂಟಿ. ತಿನ್ನದಿದ್ದರೆ ಮೂಗಿಗೆ ಟ್ಯೂಬ್ ಹಾಕಬೇಕಾಗುತ್ತದೆ. ಕಿತ್ತುಹಾಕಿದರೆ ಕೈ ಕಟ್ಟಬೇಕು," ಎಂದಳು.

ಕಾನ್ವೆಂಟಿನಲ್ಲಿ ಸಿಸ್ಟರ್ಸ್ ನಮಗೆ ಪ್ರೇಯರ್ ಕಲಿಸಿದ್ದು ಎಷ್ಟು ಬ್ಯೂಟಿಫುಲ್ ಇಂಗ್ಲಿಷಿನಲ್ಲಿ. ಆ ಕುರ್ಚಿಯಲ್ಲಿ ಒಂದು ಸೆಂಟೆನ್ಸೂ ಬರಲಿಲ್ಲ. ಕರ್ತನೇ, ಇವರು ಬಾಯಿ ತೆರೆಯಲಿ. ಅಷ್ಟೇ, ಅದೂ ಕನ್ನಡದಲ್ಲಿ.

ನಮ್ಮ ಕನ್ನಡ ಸಭೆಯವರು ಕಲ್ಯಾಣದಿಂದ ನವಿ ಮುಂಬಯಿವರೆಗೆ ಚದುರಿದ್ದೇವೆ. ತಿಂಗಳಿಗೊಮ್ಮೆ ಠಾಣೆಯಲ್ಲಿ ಕೂಡುವುದು. ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿ ಬೇರೆ ಡಬ್ಬಿಗೆ ಹಾಕುವ ಊರಿನ ಪದ್ಧತಿಯನ್ನು ಇಲ್ಲಿಯೂ ಬಿಟ್ಟಿಲ್ಲ. ಕೂಡಿದಾಗ ಎಲ್ಲರ ಡಬ್ಬಿ ಒಂದೇ ಚೀಲಕ್ಕೆ ಸುರಿದು, ಕಷ್ಟದಲ್ಲಿರುವ ಒಂದು ಮನೆಗೆ ಕೊಡುತ್ತೇವೆ. ನಮ್ಮ ಉಡುಪಿ ಕಡೆಯವರ ಕೆಂಪು ಕುಚ್ಚಲಕ್ಕಿ, ಧಾರವಾಡ ಕಡೆಯವರ ಬಿಳಿ ಅಕ್ಕಿ, ಎಲ್ಲ ಮಿಕ್ಸ್. ಬೇಯಿಸಿದವರು ಗೊಣಗದೆ ಇರುವುದಿಲ್ಲ. ಆ ಭಾನುವಾರದ ಚೀಲ ನಮ್ಮ ಪಾಲಿಗೆ ಬಂತು. ಆದರೆ ಆಸ್ಪತ್ರೆಯಲ್ಲಿ ಬೇಯಿಸುವುದೆಲ್ಲಿ?

ಸೋಮವಾರ ಬೆಳಿಗ್ಗೆ ಠಾಣೆಯ ವಾಗ್ಳೆ ಎಸ್ಟೇಟಿನ ಶಾಂತಮ್ಮ ಬಂದರು. ಹುಬ್ಬಳ್ಳಿ ಕಡೆಯವರು. ಸಭೆಯಲ್ಲಿ ನಮಸ್ಕಾರದಷ್ಟೇ ಪರಿಚಯ. ಶಾಲೆಯಲ್ಲಿ ಕಲಿಸಿದವಳೆಂದು ಅಲ್ಲಿ ಎಲ್ಲರಿಗೂ ನಾನು ಟೀಚರ್. ಸೀರೆಯ ಅಂಚು ಒದ್ದೆ, ಕೈಯಲ್ಲಿ ಟವೆಲ್ ಸುತ್ತಿದ ಡಬ್ಬಿ.

"ಟೀಚರ್, ನಿಮ್ಮ ಅಕ್ಕಿ ಚೀಲ ನಾನೇ ಮನಿಗೆ ಒಯ್ದೆ. ನಿಮ್ಮ ಕಡೆ ಗಂಜಿ ಉಣ್ತಾರಂತ ಹೇಳಿದ್ರು. ನಾ ಎಂದೂ ಮಾಡಿದಾಕಿ ಅಲ್ಲ. ಆ ಕೆಂಪಕ್ಕಿ ಬೇಯವಲ್ದು, ಬಿಳೀದು ಕರಗಿ ಹೋತು. ಕುಕ್ಕರಿಗೆ ಸೀಟಿ ಮ್ಯಾಲ ಸೀಟಿ ಹೊಡಿಸಿದೆ. ನಮ್ಮ ಸಭಿ ಮಂದಿ ಇದ್ದಂಗ ಐತಿ ನೋಡ್ರಿ ಈ ಅಕ್ಕಿ, ಕೂಡಾಕ ಭಾಳ ಹೊತ್ತು ಬೇಕು."

ಮುಚ್ಚಳ ತೆಗೆದೆ. ತಿಳಿಯೇ ಇಲ್ಲದ ಗಂಜಿ. ಅಂಟು ಅಂಟಾಗಿ ಮುದ್ದೆ. ನನ್ನ ಅತ್ತೆ ನೋಡಿದ್ದರೆ ಇದನ್ನು ಗಂಜಿ ಎನ್ನಲು ಒಪ್ಪುತ್ತಿರಲಿಲ್ಲ. ಆದರೆ ಕುಚ್ಚಲಕ್ಕಿಯ ಆ ವಾಸನೆ ವಾರ್ಡಿನಲ್ಲಿ ಎದ್ದಿತು. ಇವರು ತಲೆ ತಿರುಗಿಸಿದರು. ಚಮಚ ಹತ್ತಿರ ತಂದೆ, ಬಾಯಿ ತಾನಾಗಿ ತೆರೆಯಿತು. ನುಂಗಿದರು. ಕೆಮ್ಮಲಿಲ್ಲ. ಮತ್ತೆ ತೆರೆದರು.

ಡಾಕ್ಟರ್ ಬಂದು ಡಬ್ಬಿಗೆ ಇಣುಕಿ, "ಪರ್ಫೆಕ್ಟ್, ಇಷ್ಟೇ ಗಟ್ಟಿ ಇರಲಿ," ಎಂದು ಟ್ಯೂಬಿನ ಟ್ರೇ ವಾಪಸ್ ಕಳಿಸಿದಳು. ಶಾಂತಮ್ಮ ನನ್ನ ಮುಖ ನೋಡಿದರು. "ಕೆಟ್ಟೈತಿ ಅಂತ ತಿಳ್ಕೊಂಡಿದ್ದೆ," ಎಂದರು.

ಡಿಸ್ಚಾರ್ಜ್ ಆಗುವವರೆಗೆ ಆ ಚೀಲದ ಅಕ್ಕಿಯೇ ಇವರಿಗೆ ಊಟ. ಶಾಂತಮ್ಮನಿಗೆ ಆಗದ ದಿನ ಬೇರೆ ಯಾರೋ ತಂದರು. ನಾನು ನನಗಾಗಿ ಶಕ್ತಿ ಕೇಳಿದ್ದರೂ ಕರ್ತನು ಈ ಅಕ್ಕಿಯನ್ನೇ ಕೊಡುತ್ತಿದ್ದನೇನೋ. ಯಾರ್ಯಾರ ಅಡುಗೆಮನೆಯ ಹಿಡಿಯೋ, ನಾನರಿಯೆ. ಅವರೆಲ್ಲರ ಹೆಸರನ್ನು ಅವನು ಬಲ್ಲ. ಆಯಾಸ ಇನ್ನೂ ಇಳಿದಿಲ್ಲ, ಆದರೆ ಅವನು ಕೇಳುತ್ತಾನೋ ಇಲ್ಲವೋ ಎಂಬ ಡೌಟ್ ನನಗೀಗ ಇಲ್ಲ.

ಶಾಂತಮ್ಮ ಈಸ್ಟರಿಗೆ ಮೊದಲು ಹುಬ್ಬಳ್ಳಿಯಲ್ಲಿ, ತಂಗಿಯ ಮನೆಯಲ್ಲಿ ತೀರಿಕೊಂಡರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಕ್ರಿಸ್ಮಸ್ ಕಳೆದ ಮೇಲೆ. ಅಂದು ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಇವರು ಎಡಗೈಯಿಂದ ತಾವೇ ಉಣ್ಣುವುದನ್ನು ಶಾಂತಮ್ಮ ನೋಡುತ್ತ ಕೂತರು. ಆಮೇಲೆ ಡೊಂಬಿವಲಿ ಸ್ಟೇಷನ್ನಿಗೆ ಬಿಡಲು ಹೋದೆ. ಲೇಡೀಸ್ ಡಬ್ಬಿಯ ನೂಕುನುಗ್ಗಲಿನಲ್ಲಿ ಕಂಬಿ ಹಿಡಿದು ತಿರುಗಿದರು. ಟ್ರೈನ್ ಹೊರಟಿತ್ತು.

"ಟೀಚರ್, ನೀವು ಉಣ್ಣಲಿಲ್ಲ ನೋಡ್ರಿ," ಎಂದರು.

ಹೌದು. ಇಬ್ಬರಿಗೂ ಬಡಿಸುತ್ತ ನಾನು ತಟ್ಟೆಯನ್ನೇ ಹಾಕಿಕೊಂಡಿರಲಿಲ್ಲ.