ಪಾಪಕ್ಕ ಒಪ್ಪದ ಮಂಟಪ

ಬಂಗಾರಪೇಟೆ ಸುತ್ತಮುತ್ತ ಎಷ್ಟು ಕಲ್ಯಾಣ ಮಂಟಪಗಳಿವೆಯೋ ಅಷ್ಟರ ಹಿತ್ತಲೂ ಪಾಪಕ್ಕನಿಗೆ ಗೊತ್ತು. ಮುಂಬಾಗಿಲ ಕಮಾನು, ದೀಪದ ಸರ, ಪನ್ನೀರು ಎರಚುವ ಹೆಣ್ಣುಮಕ್ಕಳು, ಇವನ್ನೆಲ್ಲ ಅವಳು ಕಂಡದ್ದು ಕಡಿಮೆ. ಬೂದಿಕೋಟೆ ಕಡೆಯ ತನ್ನ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು, ಅಡುಗೆ ಕಾಂಟ್ರಾಕ್ಟರ ಕೈಕೆಳಗೆ ತರಕಾರಿ ಹೆಚ್ಚಿ, ಕೊಪ್ಪರಿಗೆ ತಿಕ್ಕಿ, ಎಂಜಲೆಲೆ ಬಾಚಿ ಇಪ್ಪತ್ತೆರಡು ವರ್ಷ ಕಳೆದಿದ್ದಳು. ಯಾವ ಮಂಟಪದ ಸಂಪು ಮೂರನೇ ಪಂಕ್ತಿಗೆ ಬರಿದಾಗುತ್ತದೆ, ಯಾವುದರ ಮೋರಿ ಕಟ್ಟಿಕೊಂಡು ಊಟದ ಮನೆಗೆ ನಾರುತ್ತದೆ, ಎಲ್ಲಿ ಕರೆಂಟು ಹೋದರೆ ಜನರೇಟರ್ ಬರೀ ವೇದಿಕೆಯ ದೀಪಕ್ಕೆ ಸಾಕಾಗಿ ನೀರಿನ ಮೋಟಾರು ಸುಮ್ಮನೆ ಕೂರುತ್ತದೆ, ಎಲ್ಲ ಅವಳ ಬಾಯಲ್ಲಿತ್ತು.

ಒಂದು ಮದುವೆ ಅವಳಿಗೆ ಮರೆಯಲಾಗಲಿಲ್ಲ. ಎರಡನೇ ಪಂಕ್ತಿ ಏಳುವ ಹೊತ್ತಿಗೆ ನಲ್ಲಿಯಲ್ಲಿ ನೀರು ನಿಂತಿತು. ಹೆಣ್ಣಿನ ತಾಯಿ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಹಿತ್ತಲಿಗೆ ಓಡಿಬಂದಳು. ಪಾತ್ರೆ ತೊಳೆಯಲು ಪಾಪಕ್ಕ ತುಂಬಿಟ್ಟುಕೊಂಡಿದ್ದ ಡ್ರಮ್ಮಿನ ಮುಂದೆ ನಿಂತು, "ಇದನ್ನಾದ್ರೂ ಕೊಡಮ್ಮ, ಬೀಗರು ಕೈ ತೊಳೆಯೋಕೆ ಕಾಯ್ತಾ ನಿಂತವ್ರೆ" ಎಂದು ಕೈಮುಗಿದಳು. ಪಾಪಕ್ಕ ಡ್ರಮ್ಮನ್ನೇ ಉರುಳಿಸಿಕೊಂಡು ಹೋಗಿ ಕೊಟ್ಟಳು. ಆ ಹೆಂಗಸು ಅದೇ ಮಂಟಪವನ್ನು ಆರು ತಿಂಗಳ ಮುಂಚೆ ಬಂದು ನೋಡಿ, ಮೆಚ್ಚಿ, ಬುಕ್ ಮಾಡಿದ್ದಳಂತೆ. ವೇದಿಕೆ ನೋಡಿದ್ದಳು, ಕುರ್ಚಿ ನೋಡಿದ್ದಳು. ನಲ್ಲಿ ತಿರುಗಿಸಿ ನೋಡಿರಲಿಲ್ಲ.

ಪಾಪಕ್ಕನ ಒಬ್ಬಳೇ ಮಗಳು ವನಿತಾ ಕೋಲಾರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕಿದ್ದಳು. ಕಳೆದ ವರ್ಷ ಅವಳಿಗೆ ಕೆ.ಜಿ.ಎಫ್‌ನ ಹುಡುಗ ಗೊತ್ತಾದ. ಹೆಸರು ಅಂಬರೀಶ್, ಎಲೆಕ್ಟ್ರಿಷಿಯನ್. ಅವನ ತಂದೆ ಮೈಸೂರು ಮೈನ್ಸಿನಲ್ಲಿ ಸುರಂಗದ ಕೆಲಸ ಮಾಡಿದವರು, ಗಣಿ ಮುಚ್ಚಿದ ಕೆಲವು ವರ್ಷಕ್ಕೆ ತೀರಿಕೊಂಡಿದ್ದರು. ತಾಯಿ ಸರಸ್ವತಮ್ಮ ಹೆಚ್ಚು ಮಾತಿನವರಲ್ಲ. ಮನೆಯ ಮಾತೆಲ್ಲ ಅವರ ಅಣ್ಣ ಜಯರಾಮಪ್ಪನದು. ಹುಡುಗನನ್ನು ಓದಿಸಿದವರು ಅವರು, ಆದ್ದರಿಂದ ಮದುವೆಯ ಪ್ರತಿಯೊಂದೂ ತಮ್ಮ ಬಾಯಿಂದಲೇ ಬರಬೇಕು ಅನ್ನುವುದು ಅವರ ಲೆಕ್ಕ.

ಜ್ಯೇಷ್ಠಕ್ಕೆ ಮುಹೂರ್ತ ಗೊತ್ತುಮಾಡಿದ ದಿನವೇ ಜಯರಾಮಪ್ಪ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದರು. ಬೇತಮಂಗಲ ರಸ್ತೆಯಲ್ಲಿ ಹೊಸದಾಗಿ ಎದ್ದ ಮಂಟಪ. ಹಸಿರು ಹುಲ್ಲುಹಾಸಿನ ಮೇಲೆ ಬಿಳಿ ಪರದೆ, ಗಾಜಿನ ದೀಪ, ನೀರಿನ ಕಾರಂಜಿ.

"ಮದುವೆ ಅಂದ್ರೆ ಇಲ್ಲೇ. ನಮ್ ಕಡೆ ಜನ ನೋಡಿ ಬಾಯ್ಮೇಲೆ ಬೆರಳಿಡ್ಬೇಕು. ಖರ್ಚು ಅರ್ಧ ನಮ್ದು," ಎಂದರು.

ಪಾಪಕ್ಕನ ಗಂಡ ಮುನಿಸ್ವಾಮಪ್ಪ ಆಗಲೇ ತಲೆಯಾಡಿಸಿಬಿಟ್ಟಿದ್ದ. ಪಾಪಕ್ಕ ಮಾತ್ರ, "ಒಂದ್ ಸಲ ಓಗಿ ನೋಡ್ಕಂಡು ಬತ್ತೀನಣ್ಣ" ಎಂದಳು.

"ನೋಡೋದೇನಿದೆ? ಫೋಟೋದಲ್ಲೇ ಐತಲ್ಲ."

"ಫೋಟೋದಾಗೆ ನಲ್ಲೀಲಿ ನೀರ್ ಬತ್ತದಾ?"

ಜಯರಾಮಪ್ಪ ನಕ್ಕರು. ನೋಡಿಕೊಂಡು ಬರಲಿ, ಬಾಯಿ ಬಿಟ್ಟುಕೊಂಡು ಬರುತ್ತಾಳೆ ಎಂದು ಅವರ ಎಣಿಕೆ.

ಖಾಲಿ ಇರುವ ದಿನ ಹೋದರೆ ಯಾವ ಮಂಟಪವೂ ಚೆಂದವೇ. ಬೇರೊಬ್ಬರ ಮದುವೆ ನಡೆಯುವ ದಿನ, ಎಲೆ ಹಾಕುವ ಹೊತ್ತಿಗೆ ನೋಡಬೇಕು ಎಂದು ಪಾಪಕ್ಕ ವೈಶಾಖದ ಒಂದು ಲಗ್ನದ ದಿನವನ್ನೇ ಆರಿಸಿಕೊಂಡಳು. ಜೊತೆಗೆ ಸೆಲ್ವಿಯನ್ನು ಕರೆದಳು. ಸೆಲ್ವಿ ಕೆ.ಜಿ.ಎಫ್‌ನವಳು, ಹದಿನೈದು ವರ್ಷದಿಂದ ಪಾಪಕ್ಕನ ಪಕ್ಕದಲ್ಲೇ ಕೂತು ಪಾತ್ರೆ ತೊಳೆದವಳು. ಇಬ್ಬರೂ ಒಳ್ಳೆಯ ಸೀರೆ ಉಟ್ಟುಕೊಂಡು ಹೋದರು. ಆದರೂ ಗೇಟಿನ ಕಾವಲುಗಾರ ಅವರ ಕೈ ನೋಡಿಯೋ ಮುಖ ನೋಡಿಯೋ, "ಕೆಲಸದವ್ರು ಹಿಂದ್ಗಡೆಯಿಂದ" ಎಂದು ಕೋಲು ತೋರಿಸಿದ.

ಸೆಲ್ವಿ ಅಭ್ಯಾಸಬಲದಿಂದ ಆ ಕಡೆ ತಿರುಗಿಯೇ ಬಿಟ್ಟಿದ್ದಳು. ಪಾಪಕ್ಕ ಅವಳ ಕೈ ಹಿಡಿದು ನಿಲ್ಲಿಸಿದಳು.

"ನನ್ ಮಗಳ ಮದುವೆಗೆ ಛತ್ರ ನೋಡಕ್ಕೆ ಬಂದಿವ್ನಿ. ಮುಂದ್ಗಡೆಯಿಂದ್ಲೇ ಓಗ್ತೀನಿ. ಆಗಲ್ಲ ಅಂದ್ರೆ ನಿಮ್ ಮ್ಯಾನೇಜರ್ನ ಕರಿ, ಇಲ್ಲೇ ನಿಂತಿರ್ತೀನಿ."

ಮದುವೆಗೆ ಬಂದವರು ತಿರುಗಿ ನೋಡತೊಡಗಿದರು. ಒಳಗಿಂದ ಮ್ಯಾನೇಜರ್ ನಂದಕುಮಾರ್ ಬಂದ. ಚುರುಕಿನ ಹುಡುಗ, ಮಾತು ಸಿಹಿ. ಏಸಿ ರೂಮು, ವೇದಿಕೆ, ಹುಲ್ಲುಹಾಸು ಎಲ್ಲ ತೋರಿಸಿದ. ಪಾಪಕ್ಕ ಎಲ್ಲವನ್ನೂ ನೋಡಿದಳು, ಚೆಂದವಿದೆ ಎಂದು ಒಪ್ಪಿದಳು. ಆಮೇಲೆ ಕೇಳಲು ಶುರುಮಾಡಿದಳು. ಸಂಪು ಎಷ್ಟು ಟ್ಯಾಂಕರ್ ಹಿಡಿಯುತ್ತದೆ? ಕರೆಂಟು ಹೋದರೆ ಮೋಟಾರು ಓಡುತ್ತದಾ? ಅಡುಗೆಮನೆಯಿಂದ ಊಟದ ಜಾಗಕ್ಕೆ ಸಾಂಬಾರು ಹೊತ್ತು ಎಷ್ಟು ಮೆಟ್ಟಿಲು? ಊಟ ಎಲ್ಲಿ ಹಾಕುತ್ತೀರಿ?

"ಊಟ ಲಾನಿನಲ್ಲೇ ಅಮ್ಮ. ಓಪನ್ ಏರ್," ಎಂದ ನಂದಕುಮಾರ್. ಆಮೇಲೆ ನಗುತ್ತಲೇ, "ನೀವು ಮದುವೆ ಮಾಡೋಕೆ ಬಂದಿದ್ದೀರೋ, ಪಾತ್ರೆ ತೊಳೆಯೋಕೆ ಬಂದಿದ್ದೀರೋ?" ಎಂದು ಕೇಳಿದ.

"ತೊಳೆದೇ ಮಗಳನ್ನ ಸಾಕಿದ್ದು ಕಣಪ್ಪ. ಅದಕ್ಕೇ ಕೇಳ್ತಿವ್ನಿ," ಎಂದಳು ಪಾಪಕ್ಕ.

ಅವಳ ಕಣ್ಣು ಪಡುವಣದ ಕಡೆಗಿತ್ತು. ಕಾಂಪೌಂಡಿನ ಆಚೆ, ಹೊಲಗಳನ್ನು ದಾಟಿ, ಸೈನೈಡ್ ದಿಬ್ಬ ಮಲಗಿತ್ತು. ಗಣಿಯಿಂದ ತೆಗೆದ ಕಲ್ಲನ್ನು ಹಿಟ್ಟು ಮಾಡಿ, ಚಿನ್ನ ಬಸಿದುಕೊಂಡು, ಉಳಿದ ಪುಡಿಯನ್ನು ನೂರು ವರ್ಷ ಸುರಿದು ಆದ ದಿಬ್ಬ. ಮಧ್ಯಾಹ್ನ ಒಂದರ ಹೊತ್ತಿಗೆ ಆ ಕಡೆಯಿಂದ ಗಾಳಿ ಎದ್ದಿತು. ಸೆಲ್ವಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಅಕ್ಕಾ, ಇದು ಏನೂ ಅಲ್ಲ. ಆನಿ ತಿಂಗಳು ಬರಲಿ, ನಮ್ಮ ಮನೇಲಿ ಅನ್ನದ ಮೇಲೆ ತಟ್ಟೆ ಮುಚ್ಚಿ ತಿಂತೀವಿ," ಎಂದಳು. ಆನಿ ಎಂದರೆ ವನಿತಾಳ ಮುಹೂರ್ತದ ತಿಂಗಳೇ.

ಪಾಪಕ್ಕ ಬಡಿಸುವವರ ಹತ್ತಿರ ಒಂದು ಬಾಳೆಲೆ ಕೇಳಿ ಪಡೆದಳು. ಖಾಲಿ ಮೇಜಿನ ತುದಿಯಲ್ಲಿ ಹರಡಿ, ನಾಲ್ಕು ಮೂಲೆಗೂ ನೀರಿನ ಲೋಟ ಇಟ್ಟು, ಅರ್ಧ ಗಂಟೆ ಸುಮ್ಮನೆ ಕುಳಿತಳು. ಬೆರಳಿನಿಂದ ಎಲೆಯ ಮೇಲೆ ಒಂದು ಗೀಟು ಎಳೆದಳು. ಗೀಟು ಹಸಿರಾಗಿ ಕಂಡಿತು, ಉಳಿದ ಎಲೆ ಮಂಕಾಗಿ ಬೂದುಬಣ್ಣಕ್ಕೆ ತಿರುಗಿತ್ತು. ಅವಳು ಎಲೆಯನ್ನು ಒಳಮುಖವಾಗಿ ಮಡಚಿ, ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಅಲ್ಲಿಂದ ಮನೆಗೆ ಹೋಗಲಿಲ್ಲ. ಗಂಡನಿಗೂ ಫೋನ್ ಮಾಡಿ ಕರೆಸಿಕೊಂಡು, ಸಂಜೆಗೆ ನೇರ ಬೀಗರ ಮನೆಗೆ ಹೋದಳು. ಜಯರಾಮಪ್ಪ ಅಲ್ಲೇ ಇದ್ದರು.

"ಅಲ್ಲಿ ಬ್ಯಾಡ ಅಣ್ಣ," ಎಂದಳು ಪಾಪಕ್ಕ. "ಬಂಗಾರಪೇಟೆ ಸ್ಟೇಷನ್ ಹಿಂದೆ ಹಳೇ ಛತ್ರ ಐತಲ್ಲ, ಅಲ್ಲಿ ಮಾಡಾಣ."

"ಆ ಹಳೇ ಕೊಂಪೆಯಲ್ಲಾ? ಗೋಡೆ ಸುಣ್ಣ ಉದುರ್ತದೆ. ರೈಲು ಬಂದ್ರೆ ಮಂತ್ರ ಕೇಳಲ್ಲ."

"ಔದು. ಸುಣ್ಣ ಉದುರ್ತದೆ, ರೈಲು ಕೂಗ್ತದೆ, ರೂಮು ಎರಡೇ. ಬಾವಿ ಮಾತ್ರ ನಾನು ಕಂಡಂಗೆ ಬತ್ತಿಲ್ಲ. ಊಟದ ಮನೆ ನೆಲದ್ಮೇಲೇ ಐತೆ, ಮೇಲೆ ಸೂರೈತೆ. ಅದರ ಕೊರತೆ ಏನೇನು ಅಂತ ನಂಗೆ ಇವತ್ತೇ ಗೊತ್ತು. ಆ ದಿನ ಗೊತ್ತಾಗೋದು ಏನೂ ಉಳಿದಿಲ್ಲ."

ಜಯರಾಮಪ್ಪನ ದನಿ ಏರಿತು. "ನೋಡಮ್ಮ, ನೂರು ಮದುವೆಯಲ್ಲಿ ಪಾತ್ರೆ ತೊಳೆದಾಕ್ಷಣ ಮದುವೆ ಮಾಡೋದು ಗೊತ್ತಾಗಲ್ಲ. ನಾವು ಹೇಳಿದ ಕಡೆ ಆಗಲ್ಲ ಅಂದ್ರೆ ಈ ಸಂಬಂಧವೇ ಯೋಚನೆ ಮಾಡ್ಬೇಕಾಗ್ತದೆ."

ಮುನಿಸ್ವಾಮಪ್ಪ, "ಲೇ, ಸುಮ್ಕಿರೇ," ಎಂದು ಹೆಂಡತಿಯ ಮೊಣಕೈ ತಿವಿದ.

ಪಾಪಕ್ಕ ಸುಮ್ಮನಿರಲಿಲ್ಲ.

"ಯೋಚ್ನೆ ಮಾಡಿ ಅಣ್ಣ. ನಾನೂ ಮಾಡ್ತೀನಿ. ನಿಮ್ ಜನ ಬಾಯ್ಮೇಲೆ ಬೆರಳಿಡ್ಲಿ ಅಂತ ಅವರ ಎಲೆ ಮೇಲೆ ಇದನ್ನ ಬಡಿಸಕ್ಕೆ ನನ್ ಕೈಲಿ ಆಗಲ್ಲ."

ಪೇಪರ್ ಬಿಚ್ಚಿ ಎಲೆಯನ್ನು ನೆಲದ ಮೇಲೆ ಹರಡಿದಳು.

ಜಯರಾಮಪ್ಪ ಎಲೆ ನೋಡಿ, "ಏನಿದು, ದೂಳು ತಾನೇ? ಊರೆಲ್ಲ ದೂಳೇ" ಎಂದರು.

ಬಾಗಿಲ ಹತ್ತಿರ ನಿಂತಿದ್ದ ಸರಸ್ವತಮ್ಮ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತರು. ಎಲೆಯನ್ನು ಬೆರಳಿನಿಂದ ಮುಟ್ಟಿ, ಬೆರಳು ಹೆಬ್ಬೆರಳು ಉಜ್ಜಿ ನೋಡಿದರು. ಹತ್ತೊಂಬತ್ತು ವರ್ಷ ಆ ನುಣ್ಣನೆಯ ಪುಡಿಯನ್ನು ಗಂಡನ ಅಂಗಿಯಿಂದ ಒದರಿದವರು ಅವರು. ಅದೇ ಪುಡಿ ಗಂಡನ ಎದೆಯಲ್ಲಿ ಕೂತು, ಕೊನೆಯ ವರ್ಷ ಅವರಿಗೆ ಬಚ್ಚಲಿಗೆ ನಡೆದು ಹೋಗುವಷ್ಟು ಉಸಿರೂ ಇರಲಿಲ್ಲ.

"ಅಣ್ಣ, ಅಲ್ಲಿ ಬ್ಯಾಡ," ಎಂದರು ಸರಸ್ವತಮ್ಮ.

"ನಿನಗೇನು ಗೊತ್ತು, ನೀನು ಒಳಗೋಗು."

"ಇದೊಂದು ನಂಗೊತ್ತು." ಅವರು ಏಳಲಿಲ್ಲ. "ಇದನ್ನ ತಿಂದು ಸತ್ತೋರ ಮಗನ ಮದುವೆ ಕಣಣ್ಣ ಇದು. ಅವನ ಎಲೇಗೆ ನಾನು ಇದನ್ನ ಬೀಳಕ್ಕೆ ಬಿಡಲ್ಲ. ಪಾಪಕ್ಕ ಹೇಳಿದ ಕಡೆ ಮಾಡಾಣ. ನೀನು ಬಂದ್ರೆ ಸಂತೋಷ. ಬರ್ಲಿಲ್ಲ ಅಂದ್ರೆ ನಾನೇ ನಿಂತು ಮಾಡ್ತೀನಿ."

ಅಣ್ಣನಿಗೆ ಎದುರು ಮಾತಾಡಿದ್ದು ಅವರು ಅದೇ ಮೊದಲು. ಜಯರಾಮಪ್ಪ ಚಪ್ಪಲಿ ಮೆಟ್ಟಿ ಹೊರಟುಹೋದರು. ಅಂಬರೀಶ್ ಕೆಲಸದಿಂದ ಬಂದವನು ನಡೆದದ್ದನ್ನೆಲ್ಲ ಕೇಳಿ, ಎಲೆಯನ್ನು ಬಗ್ಗಿ ನೋಡಿದ. ಆಮೇಲೆ ಪಾಪಕ್ಕನಿಗೆ, "ಅತ್ತೆ, ಹಳೇ ಛತ್ರದ ವೈರಿಂಗ್ ಹೆಂಗಿದೆ? ನಾಳೆ ಹೋಗಿ ನೋಡ್ಲಾ?" ಎಂದ.

ಜ್ಯೇಷ್ಠದ ಆ ಮುಂಜಾನೆ ಸ್ಟೇಷನ್ ಹಿಂದಿನ ಛತ್ರದಲ್ಲಿ ಮದುವೆ ಆಯಿತು. ಎಲ್ಲ ಸರಿಹೋಯಿತು ಎನ್ನಲಾಗದು. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಗೂಡ್ಸ್ ಗಾಡಿಯೊಂದು ನಲವತ್ತೋ ಐವತ್ತೋ ಡಬ್ಬಿ ಎಳೆದುಕೊಂಡು ಹೋಗಿ, ಗಟ್ಟಿಮೇಳ ಯಾರಿಗೂ ಕೇಳಲಿಲ್ಲ. ಗೋಡೆ ಒಪ್ಪುವುದಿಲ್ಲವೆಂದು ಫೋಟೋದವನು ಗೊಣಗಿದ. ರೂಮು ಸಾಲದೆ ಹೆಂಗಸರು ಸೀರೆ ಉಡಲು ಸರದಿ ನಿಂತರು. ಆದರೆ ನಾಲ್ಕನೇ ಪಂಕ್ತಿಯವರಿಗೂ ಕೈ ತೊಳೆಯಲು ತಣ್ಣನೆಯ ಬಾವಿ ನೀರು ಇತ್ತು, ಎಲೆ ಹಸಿರಾಗಿತ್ತು. ಪಾಪಕ್ಕ ಆ ದಿನ ಅಡುಗೆಮನೆಗೆ ಕಾಲಿಡಲಿಲ್ಲ. ಹಸಿರು ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಕುಂಕುಮ ಕೊಟ್ಟಳು. ಸೆಲ್ವಿಯನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ, ಎರಡನೇ ಸಲ ಪಾಯಸ ಹಾಕಿಸಿದಳು.

ಜಯರಾಮಪ್ಪ ಧಾರೆ ಮುಗಿದ ಮೇಲೆ ಬಂದರು. ಮುಖ ಬಿಗಿದುಕೊಂಡೇ ಊಟ ಮಾಡಿದರು, ಕೈ ತೊಳೆದರು, ಟವೆಲಿನಲ್ಲಿ ಒರೆಸಿಕೊಳ್ಳುತ್ತ ಪಾಪಕ್ಕನ ಮುಂದೆ ನಿಂತರು.

"ಬೀಗರೂಟ ನಮ್ಮ ಕಡೆಯದು. ಅದಕ್ಕೆ ಜಾಗ ನಾನೇ ಗೊತ್ತು ಮಾಡಿದ್ದೀನಿ," ಎಂದರು.

"ಆಗ್ಲಿ ಅಣ್ಣ," ಎಂದಳು ಪಾಪಕ್ಕ. "ಗುರುವಾರ ಮಧ್ಯಾಹ್ನ ಬಂದು ನೋಡ್ತೀನಿ."

ಜಯರಾಮಪ್ಪ ತಂಗಿಯ ಕಡೆ ನೋಡಿ, "ಹನ್ನೆರಡಕ್ಕೆ ಬಾರಮ್ಮ. ಮೋಟಾರ್ ಹಾಕಿಸಿರ್ತೀನಿ," ಎಂದು ಎಲೆಅಡಿಕೆ ತಟ್ಟೆಯ ಕಡೆ ನಡೆದರು.