ಯಾರ್ಡಿನ ಉಪ್ಪು

ಬಂಗುಡೆಯ ಬೆನ್ನು ಸೀಳುವುದರಲ್ಲಿ ಅಕ್ಕುವನ್ನು ಮೀರಿಸುವ ಹೆಂಗಸು ಕುದ್ರೋಳಿಯ ಹೊಳೆಬದಿಯಿಂದ ಬೆಂಗ್ರೆಯ ತನಕ ಇರಲಿಲ್ಲ. ತಲೆಯಿಂದ ಬಾಲದವರೆಗೆ ಒಂದೇ ಎಳೆತ. ಕತ್ತಿ ಎರಡನೆಯ ಸಲ ಮೀನನ್ನು ಮುಟ್ಟುತ್ತಿರಲಿಲ್ಲ. ಕಿವಿರು, ಕರುಳು ತೆಗೆದು, ಕಡಲ ನೀರಿನಲ್ಲಿ ಜಾಲಾಡಿ, ಉಪ್ಪು ತಿಕ್ಕಿ ಬಾನಿಯಲ್ಲಿ ಅದುಮಿಟ್ಟು, ಮೂರನೆಯ ದಿನ ತೆಂಗಿನ ಮಡಲಿನ ಮೇಲೆ ಒಣಗಲು ಹಾಕಿದಳೆಂದರೆ ಆ ಮೀನು ಘಟ್ಟ ಹತ್ತಿ ಹೋಗಿ ಎರಡು ತಿಂಗಳಾದರೂ ಕೆಡುತ್ತಿರಲಿಲ್ಲ. ಒಣಮೀನಿನ ವ್ಯಾಪಾರಿ ಸಲಾಂ ಸಾಹೇಬರು ಅದನ್ನು ಬೇರೆಯೇ ಗೋಣಿಯಲ್ಲಿ ತುಂಬಿಸಿ, ‘ಅಕ್ಕುವಿನ ಮೀನು’ ಎಂದು ಹೆಸರು ಹೇಳಿ ಮಾರುತ್ತಿದ್ದರು. ಗಂಡ ಕಿಟ್ಟು ರಂಪಣಿ ಬಲೆ ಎಳೆಯುವವರಲ್ಲಿ ಒಬ್ಬ. ತನ್ನ ಪಾಲಿಗೆ ಬಂದ ಮೀನಿಗೆ ಬೆಲೆ ಬರುವುದು ಹೆಂಡತಿಯ ಕೈಯಿಂದ ಎಂಬುದು ಅವನಿಗೂ ಗೊತ್ತಿತ್ತು.

ಇಷ್ಟೆಲ್ಲ ಇದ್ದ ಅಕ್ಕುವಿನ ಹೊಟ್ಟೆಯಲ್ಲಿ ಸಣ್ಣದೊಂದು ಕೆಂಡ ಸದಾ ಇತ್ತು. ಅದರ ಹೆಸರು ಸುಂದರಿ.

ಸುಂದರಿ ಅವಳ ಚಿಕ್ಕಮ್ಮನ ಮಗಳು, ಆರು ವರ್ಷ ಚಿಕ್ಕವಳು. ಅವಳು ಹುಟ್ಟಿದ ವರ್ಷ ಅಜ್ಜಿ ಅಕ್ಕುವಿನ ಸೊಂಟದಿಂದ ಬೆಳ್ಳಿಯ ನೇವಳ ಬಿಚ್ಚಿ ಆ ಮಗುವಿಗೆ ಕಟ್ಟಿದ್ದಳು. ಅಂದಿನಿಂದ ಸುಂದರಿಗೆ ಸಿಕ್ಕಿದ್ದೆಲ್ಲ ತನ್ನದರಿಂದಲೇ ಬಿಚ್ಚಿ ಕೊಟ್ಟದ್ದು ಎಂದು ಅಕ್ಕುವಿಗೆ ಅನಿಸುತ್ತಿತ್ತು. ಸುಂದರಿಗೆ ಕೇಳಿ ಪಡೆಯುವುದರಲ್ಲಿ ನಾಚಿಕೆಯೇ ಇರಲಿಲ್ಲ. ಗಂಜಿಗೆ ಅಕ್ಕಿ ಇಲ್ಲದಿದ್ದರೆ ನೆರೆಮನೆಗೆ ಹೋಗಿ ‘ಇಲ್ಲ’ ಎಂದು ನಗುತ್ತಾ ಹೇಳಿಬಿಡುವಳು. ಗಂಡ ದೋಣಿ ಮಗುಚಿ ತೀರಿಕೊಂಡ ಮೇಲೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಅಕ್ಕುವಿನ ಅಂಗಳಕ್ಕೆ ಬಂದು ಅದೇ ಧಾಟಿಯಲ್ಲಿ ಕೇಳಿದಳು: “ಅಕ್ಕ, ನನಗೆ ಮೀನು ಉಪ್ಪಿಗೆ ಹಾಕ್ಲಿಕ್ಕೆ ಕಲಿಸಿ ಕೊಡು.”

ಅಕ್ಕು ಕಲಿಸಿದಳು. ಏನನ್ನೂ ಮುಚ್ಚಿಡಲಿಲ್ಲ. ಎರಡು ವರ್ಷದಲ್ಲಿ ಸುಂದರಿಯ ಕತ್ತಿಯೂ ಒಂದೇ ಎಳೆತಕ್ಕೆ ಬಾಲ ಮುಟ್ಟತೊಡಗಿತು. ಅದನ್ನು ನೋಡಿದ ದಿನ ಅಕ್ಕುವಿಗೆ ಊಟ ಸೇರಲಿಲ್ಲ.

ಸಾವಿರದ ಒಂಬೈನೂರ ಇಪ್ಪತ್ತೈದರ ಸುಮಾರಿನ ಮಾತು. ಆಗ ಉಪ್ಪಿಗೆ ಸರಕಾರದ ಸುಂಕ. ಅಂಗಡಿಯ ಉಪ್ಪು ಕೊಂಡು ಮೀನಿಗೆ ಹಾಕಿದರೆ ಮೀನಿಗಿಂತ ಉಪ್ಪಿನ ಬೆಲೆಯೇ ಭಾರವಾಗುತ್ತಿತ್ತು. ಬಡವರು ಉಪ್ಪಿಗೆ ಮರಳು ಬೆರೆಸಿ ತಿಕ್ಕುತ್ತಿದ್ದರು, ಮೀನು ಕೆಡುತ್ತಿತ್ತು. ಅದಕ್ಕಾಗಿ ಸರಕಾರ ಅಳಿವೆಯ ಹತ್ತಿರ ಬೇಲಿ ಹಾಕಿದ ಒಂದು ಯಾರ್ಡು ನಡೆಸುತ್ತಿತ್ತು. ಟಿಕೇಟು ಎಂಬ ಪರವಾನಗಿ ಇದ್ದವರಿಗೆ ಅಲ್ಲಿ ಒಂದು ಶೆಡ್ಡು, ಸುಂಕವಿಲ್ಲದ ಅಗ್ಗದ ಉಪ್ಪು. ಮೀನನ್ನು ಒಳಗೇ ತಂದು ಒಳಗೇ ಉಪ್ಪು ಹಾಕಬೇಕು. ಒಂದು ಹಿಡಿ ಉಪ್ಪೂ ಬೇಲಿ ದಾಟಬಾರದು. ಆ ವರ್ಷ ಒಂದು ಶೆಡ್ಡು ಖಾಲಿಯಾಯಿತು. ಅಕ್ಕು, ಸುಂದರಿ ಇಬ್ಬರೂ ಅರ್ಜಿ ಹಾಕಿಸಿದರು.

ಯಾರ್ಡಿನ ಗುಮಾಸ್ತ ರುಡೊಲ್ಫ್ ಪೊರ್ಬು ಇಬ್ಬರನ್ನೂ ಮೇಜಿನ ಮುಂದೆ ನಿಲ್ಲಿಸಿ ಕೇಳಿದರು: “ನಿಮಗೆ ಸರಕಾರದ ಸಹಾಯ ಎಂತಕ್ಕೆ ಬೇಕು?”

ಪಕ್ಕದಲ್ಲಿ ಸುಂದರಿ ನಿಂತಿರುವಾಗ ‘ಕಷ್ಟ’ ಎನ್ನಲು ಅಕ್ಕುವಿನ ನಾಲಗೆ ಏಳಲಿಲ್ಲ. “ಸಹಾಯ ನನಗೆ ಬೇಕಂತ ಇಲ್ಲ ಪೊರ್ಬುಗಳೇ. ನನ್ನ ಮೀನು ಘಟ್ಟದ ಮೇಲೆ ಹೆಸರು ಹೇಳಿ ಹೋಗ್ತದೆ. ಯಾರ್ಡಿಗೆ ಒಳ್ಳೆಯ ಕೈ ಬೇಕಿದ್ರೆ ಕೊಡಿ.”

ಸುಂದರಿ ಹೇಳಿದಳು: “ಉಪ್ಪಿಗೆ ಗತಿ ಇಲ್ಲ ಪೊರ್ಬುಗಳೇ. ಹೋದ ವಾರ ಎರಡು ಬುಟ್ಟಿ ಬೂತಾಯಿ ಮೀನು ಕೆಟ್ಟು ತೆಂಗಿನ ಬುಡಕ್ಕೆ ಹಾಕಿದೆ. ಎರಡು ಮಕ್ಕಳುಂಟು.”

ಟಿಕೇಟು ಸುಂದರಿಗೆ ಹೋಯಿತು.

“ನೀನೇ ಬೇಡ ಅಂದದ್ದಲ್ವಾ ಮಾರಾಯ್ತಿ?” ಎಂದ ಕಿಟ್ಟು.

“ಬೇಡ ಅಂದೆನಾ? ಒಳ್ಳೆಯ ಕೈಗೆ ಕೊಡಿ ಅಂದೆ. ಅವರು ಬೇಡುವ ಕೈಗೆ ಕೊಟ್ಟರು” ಎಂದಳು ಅಕ್ಕು. ಆಮೇಲೆ ಕೇಳಿದವರಿಗೆ, ಕೇಳದವರಿಗೆ ಎಲ್ಲರಿಗೂ ಒಂದೇ ಮಾತು: ಸರಕಾರ ಹೀಗೆ ಕೊಡುತ್ತಾ ಹೋದರೆ ಕೆಲಸ ಬಲ್ಲವರು ಹಾಳಾಗುತ್ತಾರೆ, ಅಳಲು ಬಲ್ಲವರು ಉದ್ಧಾರವಾಗುತ್ತಾರೆ.

ಆ ಸಲ ಮಳೆ ನಿಂತ ಮೇಲೆ ಬಂಗುಡೆ ಹಿಂದೆಂದೂ ಕಾಣದ ಹಾಗೆ ಬಂತು. ರಂಪಣಿ ಎಳೆದು ಎಳೆದು ಗಂಡಸರ ಅಂಗೈ ಸುಲಿಯಿತು. ಮೀನು ಇಷ್ಟು ಬಂದಾಗ ಉಪ್ಪಿನ ಅಂಗಡಿಯ ಪ್ರೇಮನಾಥ ಬೆಲೆ ಇನ್ನೂ ಏರಿಸಿದ. ಅಕ್ಕು ಇದ್ದ ಉಪ್ಪನ್ನು ಎಳೆದೂ ಎಳೆದೂ ಹಂಚಿದಳು; ಜೀವಮಾನದಲ್ಲಿ ಮೊದಲ ಸಲ ಕೈ ಹಿಡಿದು ಉಪ್ಪು ತಿಕ್ಕಿದಳು. ಉಳಿದ ಮೀನನ್ನು ತೆಂಗಿನ ತೋಟದವರು ಗೊಬ್ಬರಕ್ಕೆ ಹೊತ್ತುಕೊಂಡು ಹೋದರು. ಅತ್ತ ಬೇಲಿಯೊಳಗೆ ಸುಂದರಿಯ ಬಾನಿಗಳು ತುಂಬಿ, ಶೆಡ್ಡಿನ ಹೊರಗಿನ ಮಡಲಿನ ಮೇಲೆ ಬಂಗುಡೆ ಬಿಸಿಲಿಗೆ ಹೊಳೆಯುತ್ತಿತ್ತು. ಅಕ್ಕು ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟಳು. ಬಿಟ್ಟರೂ ಅವಳ ಕಣ್ಣ ಮುಂದೆ ಅದೇ ಹೊಳಪು.

ಸುಂದರಿ ಅಂಗಳಕ್ಕೆ ಬಂದಳು. “ಅಕ್ಕ, ನೀನು ನನ್ನ ಶೆಡ್ಡಿಗೆ ಬಾ. ನಿನ್ನ ಮೀನೂ ತಾ. ಒಟ್ಟಿಗೆ ಹಾಕುವ.”

“ನಿನ್ನ ಕೂಲಿಗೆ ಬರುವಷ್ಟು ನನ್ನ ಕೈ ಬಿದ್ದು ಹೋಗ್ಲಿಲ್ಲ” ಎಂದು ಅಕ್ಕು ಒಳಗೆ ಹೋದಳು.

ಕೆಲವು ದಿನಗಳ ಮೇಲೆ ಸಲಾಂ ಸಾಹೇಬರು ಬಂದು, ಮಡಲಿನ ಮೇಲಿದ್ದುದನ್ನು ಮಗುಚಿ ನೋಡಿ, ಅರ್ಧದಷ್ಟನ್ನು ಮಾತ್ರ ತೂಗಿಸಿದರು. ಹೋಗುವಾಗ ಅಂದರು, “ಬೇಸರ ಮಾಡ್ಬೇಡ ಅಕ್ಕು. ಈಗ ಸುಂದರಿಯ ಮೀನು ನಿನ್ನದರ ಹಾಗೆಯೇ ಉಂಟು. ಘಟ್ಟದವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.”

ಸಮಾಧಾನಕ್ಕೆಂದು ಹೇಳಿದ ಮಾತು ಅದು. ಅಕ್ಕುವಿಗೆ ಕೂರ್ಮುಳ್ಳಿನ ಹಾಗೆ ಗಂಟಲಲ್ಲಿ ನಿಂತಿತು.

ಅಷ್ಟರಲ್ಲಿ ಯಾರ್ಡಿನ ವಿಚಾರಣೆಗೆ ಮದ್ರಾಸಿನಿಂದ ಒಬ್ಬ ಬಿಳಿಯ ದೊರೆ ಬರುತ್ತಾನೆಂದು ಸುದ್ದಿಯಾಯಿತು. ಅಗ್ಗದ ಉಪ್ಪು ಕೊಟ್ಟು ಸರಕಾರಕ್ಕೆ ನಷ್ಟ, ಯಾರ್ಡು ಮುಚ್ಚಬೇಕು ಎಂದು ಉಪ್ಪಿನ ವ್ಯಾಪಾರಿಗಳು ಮನವಿ ಕಳುಹಿಸಿದ್ದರು. ಪ್ರೇಮನಾಥ ಎಂದೂ ಇಲ್ಲದವನು ಅಕ್ಕುವಿನ ಜಗಲಿಗೆ ಬಂದು ಕುಳಿತ.

“ಸರಕಾರದ ಹಂಗಿಲ್ಲದೆ ಬದುಕಿದವಳು ನೀನು. ನೀನು ಹೇಳಿದ್ರೆ ದೊರೆ ಕೇಳ್ತಾನೆ. ಯಾರ್ಡಿನ ಉಪ್ಪು ಹೆಂಗಸರ ಸೆರಗಿನಲ್ಲಿ ಹೊರಗೆ ಹೋಗ್ತದಂತೆ, ಹೌದಾ?”

ಅಕ್ಕು ನೋಡಿದ್ದಳು. ಒಂದು ಸಂಜೆ ಬೇಲಿಯ ಗೇಟಿನಿಂದ ಹೊರಗೆ ಬಂದ ಸುಂದರಿ ಸೆರಗಿನ ತುದಿಯ ಸಣ್ಣ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಆ ಗಂಟನ್ನು ಅಕ್ಕು ಎರಡು ತಿಂಗಳಿನಿಂದ ಯಾರಿಗೂ ಹೇಳದೆ, ಒಡವೆಯ ಹಾಗೆ ಕಾಪಾಡಿಕೊಂಡು ಬಂದಿದ್ದಳು.

ವಿಚಾರಣೆ ನಡೆದದ್ದು ಯಾರ್ಡಿನ ಉಗ್ರಾಣದ ಜಗಲಿಯಲ್ಲಿ, ಬೆಳಗಿನ ಹತ್ತು ಗಂಟೆಗೆ. ದೊರೆ ಕುರ್ಚಿಯಲ್ಲಿ, ರುಡೊಲ್ಫ್ ಪೊರ್ಬು ಪಕ್ಕದಲ್ಲಿ ನಿಂತು ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದರು. ಟಿಕೇಟಿನವರು ಒಂದು ಕಡೆ, ವ್ಯಾಪಾರಿಗಳು ಒಂದು ಕಡೆ. ಸುಂದರಿ ಕೆಲಸದ ಮಧ್ಯೆ ಎದ್ದು ಬಂದಿದ್ದಳು; ಮೊಣಕೈ ತನಕ ಮೀನಿನ ಹುರುಪೆ.

ಅಕ್ಕುವಿನ ಸರದಿ ಬಂತು. ಉಪ್ಪು ಹೊರಗೆ ಹೋಗುತ್ತದೆ ಎಂದಳು. ಯಾರು ಕೊಂಡುಹೋದದ್ದನ್ನು ನೋಡಿದ್ದೀ ಎಂದು ಕೇಳಿದರು.

“ಸುಂದರಿಯನ್ನು” ಎಂದಳು.

ಇಷ್ಟು ದಿನ ಕಾಪಾಡಿದ ಮಾತು ಹೊರಗೆ ಬಂದಾಗ ಬಾಯಿಗೆ ಸಿಹಿಯಾಗುತ್ತದೆ ಎಂದುಕೊಂಡಿದ್ದಳು ಅಕ್ಕು. ಹಾಗೇನೂ ಆಗಲಿಲ್ಲ.

ದೊರೆ ಸುಂದರಿಯ ಕಡೆ ತಿರುಗಿದ. ಅವಳು ಒಂದು ಸಲ ಅಕ್ಕುವನ್ನು ನೋಡಿ, ಮತ್ತೆ ನೇರವಾಗಿ ಹೇಳಿದಳು: “ಹೌದು. ಒಂದು ದಿನ ಒಂದು ಹಿಡಿ ಕೊಂಡುಹೋದೆ. ಮನೆಯಲ್ಲಿ ಗಂಜಿಗೆ ಉಪ್ಪಿರಲಿಲ್ಲ. ತಪ್ಪು.”

ದೊರೆ ಬರೆದುಕೊಂಡ. ಪ್ರೇಮನಾಥನ ಮುಖ ಅರಳಿತು. ಆಮೇಲೆ ದೊರೆ ಮೇಜಿನ ಮೇಲಿನ ಬಾಳೆ ಎಲೆಯನ್ನು ಸರಿಸಿದ. ಅದರ ಅಡಿಯಲ್ಲಿ ಎರಡು ಒಣ ಬಂಗುಡೆ. ರುಡೊಲ್ಫ್ ಪೊರ್ಬು ತಿಳಿಸಿದರು: “ಒಂದು ಯಾರ್ಡಿನದ್ದು, ಒಂದು ಹೊರಗಿನದ್ದು. ನಿನ್ನೆ ಬಂದರಿನ ಸಂತೆಯಿಂದ ತರಿಸಿದ್ದು. ಸರಕಾರದ ಉಪ್ಪಿನಿಂದ ಮೀನು ನಿಜಕ್ಕೂ ಒಳ್ಳೆಯದಾಗ್ತದಾ ಅಂತ ದೊರೆಗೆ ತಿಳೀಬೇಕಂತೆ. ಈ ಕೆಲಸ ನಿನ್ನಷ್ಟು ಬಲ್ಲವರಿಲ್ಲ ಅಂತ ಎಲ್ಲರೂ ಹೇಳ್ತಾರೆ. ನೋಡಿ ಹೇಳು.”

ಅಕ್ಕು ಎರಡನ್ನೂ ಕೈಗೆತ್ತಿಕೊಂಡಳು. ಮೂಗಿಗೆ ಹಿಡಿದಳು. ಬೆನ್ನೆಲುಬಿನ ಉದ್ದಕ್ಕೆ ಹೆಬ್ಬೆರಳು ಒತ್ತಿದಳು. ಬಲಗೈಯದು ಗಟ್ಟಿ, ಮಾಂಸ ಬೆಳ್ಳಗೆ, ಉಪ್ಪು ಎಲುಬಿನ ತನಕ ಇಳಿದಿತ್ತು. ಎಡಗೈಯದು ಮೇಲಿನಿಂದ ಚಂದವೇ. ತೆರೆದರೆ ಎಲುಬಿನ ಪಕ್ಕ ತೆಳ್ಳಗಿನ ಕೆಂಪು, ಹೆಬ್ಬೆರಳಿಗೆ ಮೆತ್ತಗೆ. ಎರಡರ ಸೀಳೂ ಒಂದೇ ಕೈಯವು ಎಂಬಂತಿದ್ದವು. ಆದರೆ ತನ್ನ ಕತ್ತಿ ಬಾಲದ ಹತ್ತಿರ ಕೂದಲೆಳೆಯಷ್ಟು ಎಡಕ್ಕೆ ವಾಲುತ್ತದೆಂದು ಅಕ್ಕುವಿಗೊಬ್ಬಳಿಗೇ ಗೊತ್ತು. ಎಡಗೈಯಲ್ಲಿದ್ದದ್ದು ಅವಳದೇ ಮೀನು.

ಹೊರಗಿನದೇ ಒಳ್ಳೆಯದು ಎಂದುಬಿಟ್ಟರೆ ಮುಗಿಯಿತು. ಯಾರ್ಡು ಮುಚ್ಚುತ್ತದೆ. ಸುಂದರಿ ಮತ್ತೆ ತನ್ನ ಅಂಗಳಕ್ಕೇ ಬಂದು ‘ಅಕ್ಕ, ಗತಿ ಇಲ್ಲ’ ಎನ್ನುತ್ತಾಳೆ. ಅಲ್ಲಿದ್ದ ಯಾರೂ ಅಕ್ಕುವಿನ ಮಾತಿಗೆ ಎದುರಾಡುವಷ್ಟು ಬಲ್ಲವರಲ್ಲ, ಒಬ್ಬಳನ್ನು ಬಿಟ್ಟು. ಆ ಒಬ್ಬಳು ಸುಮ್ಮನೆ ಮೀನನ್ನೇ ನೋಡುತ್ತಿದ್ದಳು. ಅವಳಿಗೂ ಗೊತ್ತಾಗಿದೆ ಎಂದು ಅಕ್ಕುವಿಗೆ ಅನಿಸಿತು. ಈ ಕೆಟ್ಟ ಮೀನನ್ನು ಒಳ್ಳೆಯದೆಂದರೆ, ನಾಳೆಯಿಂದ ಸುಂದರಿಯ ಮುಂದೆ ಯಾವ ಕೈಯನ್ನು ಮುಂದೆ ಮಾಡುವುದು?

“ಇದು ತಿನ್ನುವ ಮೀನು” ಎಂದು ಬಲಗೈಯದನ್ನು ಮೇಜಿನ ಮೇಲಿಟ್ಟಳು. “ಇದು ಹದಿನೈದು ದಿನ ನಿಲ್ಲುವುದಿಲ್ಲ. ತೆಂಗಿನ ಬುಡಕ್ಕೆ.”

“ಇದನ್ನು ಉಪ್ಪಿಗೆ ಹಾಕಿದವರಿಗೆ ಕೆಲಸ ಗೊತ್ತಿಲ್ಲವೋ?” ಎಂದು ದೊರೆ ಕೇಳಿಸಿದ.

“ಕೆಲಸ ಗೊತ್ತುಂಟು. ಉಪ್ಪು ಇರಲಿಲ್ಲ.” ಅಕ್ಕು ಎಡಗೈಯದನ್ನೂ ಮೇಜಿನ ಮೇಲಿಟ್ಟಳು. “ಅದು ನನ್ನ ಮೀನು.”

ಪ್ರೇಮನಾಥ ಎದ್ದು ಹೋದ.

ಯಾರ್ಡು ಮುಚ್ಚಲಿಲ್ಲ. ಬದಲಿಗೆ ಇನ್ನೂ ಮೂರು ಶೆಡ್ಡು ಕಟ್ಟಿಸಲು ದೊರೆ ಬರೆದ. ಆದರೆ ನಿಯಮ ಮುರಿದದ್ದಕ್ಕೆ ಸುಂದರಿಯ ಟಿಕೇಟನ್ನು ಒಂದು ವರ್ಷ ನಿಲ್ಲಿಸಿದರು. ಹೊಸ ಶೆಡ್ಡುಗಳು ಏಳುವ ತನಕ ಅವಳ ಶೆಡ್ಡನ್ನು ಅಕ್ಕುವಿಗೆ ಕೊಟ್ಟರು.

ಬಯಸಿದ್ದು ಹೀಗೆ ಕೈಗೆ ಬಂದಾಗ ಅಕ್ಕು ಮೂರು ದಿನ ಅದರ ಬಾಗಿಲು ತೆರೆಯಲಿಲ್ಲ. ನಾಲ್ಕನೆಯ ದಿನ ಸುಂದರಿಯ ಮನೆಗೆ ಹೋಗಿ, ಒಳಗೆ ಕಾಲಿಡದೆ, ಹೊಸ್ತಿಲಿನಿಂದಲೇ ಹೇಳಿದಳು: “ಬಾನಿ ಖಾಲಿ ಉಂಟು. ನಿನ್ನ ಮೀನು ತಾ.”

ಸುಂದರಿ ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟಳು. ಒಂದು ಮಾತು ಬೈಯಲಿಲ್ಲ, ಒಂದು ಗಳಿಗೆ ಮುಖ ಊದಿಸಿಕೊಳ್ಳಲಿಲ್ಲ. ಯಾರ್ಡಿನ ದಾರಿಯಲ್ಲಿ ಮಗನ ಕೆಮ್ಮಿನ ವಿಷಯ ಮಾತಾಡುತ್ತಾ ನಡೆದಳು. ಅಕ್ಕುವಿಗೆ ಅಳು ಬಂತು. ಅಳುವಿನ ಜೊತೆಗೇ ಸಂಕಟ. ಸುಂದರಿ ತನ್ನನ್ನು ಕರೆದ ದಿನ ತನಗೆ ಹೀಗೆ ಬುಟ್ಟಿ ಎತ್ತಿಕೊಂಡು ಹೊರಡಲು ಆಗಲಿಲ್ಲವಲ್ಲ. ಇದೂ ಸುಂದರಿಗೇ ಸಿಕ್ಕಿತಲ್ಲ.

“ನನ್ನ ಮೇಲೆ ನಿನಗೆ ಸಿಟ್ಟಿಲ್ವಾ?” ಎಂದು ಕೇಳಿಯೇಬಿಟ್ಟಳು.

“ಉಂಟು” ಎಂದಳು ಸುಂದರಿ. “ಆದ್ರೆ ಮೀನು ಕಾಯ್ತದಾ ಅಕ್ಕ?”

ವರ್ಷ ತುಂಬಿ ಸುಂದರಿಗೆ ಪಕ್ಕದ ಹೊಸ ಶೆಡ್ಡು ಸಿಕ್ಕಿತು; ಹಳೆಯದು ಅಕ್ಕುವಿಗೇ ಉಳಿಯಿತು. ಹದಿನಾಲ್ಕು ವರ್ಷ ಇಬ್ಬರೂ ಅಕ್ಕಪಕ್ಕದಲ್ಲಿ ಮೀನು ಸೀಳಿದರು. ಸುಂದರಿಯ ಶೆಡ್ಡಿಗೆ ಗಾಳಿ ಹೆಚ್ಚು ಎಂದು ಅಕ್ಕು ಪ್ರತಿ ವರ್ಷ ದೂರಿದಳು. ಸರಕಾರದ ಸಹಾಯ ಕೆಟ್ಟದ್ದು ಎಂಬ ಹಳೆಯ ಮಾತನ್ನು ಮಾತ್ರ ಮತ್ತೆ ಆಡಲಿಲ್ಲ.

ಯುದ್ಧದ ಕಾಲದಲ್ಲಿ ಒಣಮೀನಿಗೆ ಬೇಡಿಕೆ ಏರಿತು. ಮಲ್ಪೆಯ ಹೆಂಗಸರಿಗೆ ಕೆಲಸ ಹೇಳಿಕೊಡಲು ಒಬ್ಬರನ್ನು ಸಂಬಳ ಕೊಟ್ಟು ಕಳುಹಿಸುತ್ತೇವೆಂದು ಇಲಾಖೆಯವರು ಮೊದಲು ಸುಂದರಿಯನ್ನು ಕೇಳಿದರು. “ನನಗೆ ಕಲಿಸಿದವಳು ಪಕ್ಕದಲ್ಲೇ ಇದ್ದಾಳೆ” ಎಂದಳಂತೆ. ಹೀಗೆ ಅಕ್ಕು ಮಲ್ಪೆಗೆ ಹೋದಳು. ಆ ಗೌರವವೂ ಸುಂದರಿಯ ಕೈ ದಾಟಿ ಬಂದದ್ದು ಎಂಬುದನ್ನು ಬಸ್ಸಿನಲ್ಲಿ ಉಡುಪಿ ಬರುವ ತನಕ ಮನಸ್ಸಿನಲ್ಲೇ ಅಗಿದಳು.

ಎರಡು ತಿಂಗಳ ನಂತರ ಹಿಂತಿರುಗಿದಾಗ ಸುಂದರಿ ಕೇಳಿದಳು, “ಹೇಗೆ ಅಲ್ಲಿಯ ಹೆಂಗಸರು?”

“ಒಬ್ಬಳಿದ್ದಾಳೆ, ಕುಮುದಿನಿ ಅಂತ. ನಿನಗಿಂತ ಒಳ್ಳೆಯ ಕೈ” ಎಂದಳು ಅಕ್ಕು, ಸುಂದರಿಯ ಮುಖವನ್ನೇ ನೋಡುತ್ತಾ.

“ಹೌದಾ? ಒಳ್ಳೇದಾಯ್ತು” ಎಂದು ಸುಂದರಿ ನಕ್ಕು ಮುಂದಿನ ಬಂಗುಡೆ ಎತ್ತಿಕೊಂಡಳು.

ಅಕ್ಕು ಸ್ವಲ್ಪ ಹೊತ್ತು ಅಲ್ಲೇ ನಿಂತು ಕಾದಳು. ಆ ಮುಖದಲ್ಲಿ ಏನೂ ಬದಲಾಗಲಿಲ್ಲ. ಅದೇ ಅವಳಿಗೆ ಸಂಜೆಯ ತನಕ ಕೊರೆಯಿತು.